ಮುಷ್ಟಿಗೆ ಸಿಗದ ಬಿದ್ರಿ

ಮಾಣಿಕನಗರ, ಹುಮನಾಬಾದ್ ಕಡೆಯವರಿಗೆ ಬೀದರಿನ ಲೋಹದ ಕುಸುರಿ ಬಿದ್ರಿ ಅಂದರೆ ಈಗ ಸನ್ಮಾನದ ವಸ್ತು. ಹೂದಾನಿ, ಆನೆ, ಗೋಡೆಗೆ ತೂಗುಹಾಕುವ ತಟ್ಟೆ. ಇದೇ ಕಸುಬು ಒಂದು ಕಾಲಕ್ಕೆ ದಖನಿ ಕತ್ತಿಯ ಹಿಡಿಕೆಗೂ ಕೈಹಾಕಿತ್ತು. ಬಿದ್ರಿಯ ಸತ್ವ, ಮಿತಿ ಎರಡನ್ನೂ ಅಳೆಯಲು ಹೂದಾನಿಗಿಂತ ಆ ಹಿಡಿಕೆಯೇ ಒಳ್ಳೆಯ ಸಾಕ್ಷಿ.

ತಲವಾರಿನ ಹಿಡಿಕೆಗೆ ನಡುವೆ ಸಣ್ಣ ಉಬ್ಬು, ತುದಿಗೆ ದುಂಡು ಬಿಲ್ಲೆ, ಅಲಗಿನ ಬುಡಕ್ಕೆ ಗಿಡ್ಡ ಅಡ್ಡಪಟ್ಟಿ. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದು, ಅರದಿಂದ ಉಜ್ಜಿ, ಮೈಲುತುತ್ತ ಸವರಿ ತಾತ್ಕಾಲಿಕವಾಗಿ ಕಪ್ಪಾಗಿಸುತ್ತಾರೆ. ಅದರ ಮೇಲೆ ಕೈಯಿಂದಲೇ ಗೆರೆ ಎಳೆದು, ಉಳಿಯಿಂದ ಕೊರೆದು, ಬೆಳ್ಳಿ ತಂತಿಯನ್ನು ಬಡಿದು ಕೂರಿಸುತ್ತಾರೆ. ಕೊನೆಗೆ ನವಸಾಗರಕ್ಕೆ ಬೀದರ ಕೋಟೆಯ ಹಳೆಯ ಮಣ್ಣು ಕಲಸಿ ಬಿಸಿ ಲೋಹಕ್ಕೆ ತಿಕ್ಕಿದರೆ ಸತು ಕಾಡಿಗೆಯಂತೆ ಕಪ್ಪಾಗುತ್ತದೆ, ಬೆಳ್ಳಿಗೆ ಏನೂ ಆಗುವುದಿಲ್ಲ. ಯಾವ ಮಣ್ಣು ಆದೀತು ಎಂಬುದನ್ನು ಹಳೆಯ ಕುಶಲಕರ್ಮಿಗಳು ನಾಲಿಗೆಗೆ ಹಚ್ಚಿ ಹೇಳುತ್ತಾರೆ. ಇಷ್ಟು ಸೂಕ್ಷ್ಮವಾದ ಕೆಲಸವನ್ನು ಕೂರಿಸಿದ್ದು ಮುಷ್ಟಿ ಮುಚ್ಚಿಬಿಡುವ ಜಾಗದಲ್ಲಿ!

ಇಲ್ಲಿ ಜಪಾನಿನ ಗಿಡ್ಡ ಕತ್ತಿ ವಾಕಿಜಾಶಿಯ ನೆನಪು ಬರುತ್ತದೆ. ಅದರ ಅಲಗು ಸುಮಾರು 30ರಿಂದ 60 ಸೆಂಟಿಮೀಟರ್. ಆ ಕತ್ತಿಗಳ ಸಾಜಿಗೆ ಜಪಾನಿನವರು ಒಲಿದದ್ದೂ ಕಪ್ಪಿಗೇ. ತಾಮ್ರಕ್ಕೆ ತುಸು ಚಿನ್ನ ಬೆರೆಸಿದ ಶಕುಡೊ ಲೋಹವನ್ನು ಲವಣದ ದ್ರಾವಣದಲ್ಲಿ ಕುದಿಸಿದರೆ ನೀಲಿ ಛಾಯೆಯ ಕಪ್ಪು ಏಳುತ್ತದೆ. ಬೀದರಿಗೂ ಜಪಾನಿಗೂ ಸಂಬಂಧವಿಲ್ಲ. ಹೊಳಪನ್ನು ತೋರಿಸಲು ಮೊದಲು ಕತ್ತಲೆ ಬೇಕೆಂಬುದು ಇಬ್ಬರಿಗೂ ಹೊಳೆದಿತ್ತು.

ಆದರೆ ಹಿಡಿಕೆಯ ವಿಚಾರದಲ್ಲಿ ಜಪಾನಿನವರೇ ಮುಂದು ಎಂದು ಒಪ್ಪಬೇಕು. ಅವರ ಹಿಡಿಕೆಯಲ್ಲಿ ಮೆನುಕಿ ಎಂಬ ಪುಟ್ಟ ಲೋಹದ ಚಿತ್ರ ನೂಲುಪಟ್ಟಿಯ ಸುತ್ತಿನೊಳಗೆ ಕೂತು ಅಂಗೈಗೆ ಹಿಡಿತ ಕೊಡುತ್ತದೆ. ತ್ಸುಬಾ ಎಂಬ ಬಿಲ್ಲೆ ಕೈಯನ್ನು ಕಾಯುತ್ತದೆ, ಚಿತ್ರಕ್ಕೂ ಜಾಗ ಕೊಡುತ್ತದೆ. ಒಂದು ಬಿದಿರಿನ ಮೊಳೆ ತೆಗೆದರೆ ಎಲ್ಲ ಬಿಚ್ಚಿಕೊಳ್ಳುತ್ತದೆ. ಬಿದ್ರಿ ಹಿಡಿಕೆಯ ಹೂಬಳ್ಳಿ ಹೀಗೆ ಕೆಲಸಕ್ಕೆ ಬರುವುದಿಲ್ಲ. ಸತುವಿನ ಎರಕ ಪೆಡಸು; ಜೋರಾದ ಏಟಿಗೆ ಬಿರುಕು ಬಿಡುವಂಥದ್ದು. ಅದು ರಣರಂಗಕ್ಕಿಂತ ದರ್ಬಾರಿಗೆ ಒಪ್ಪುವ ಆಯುಧ. ಆದರೂ ಅದರಲ್ಲೊಂದು ಶಿಸ್ತಿದೆ: ಉಬ್ಬಿದಲ್ಲಿ ಹೂವು ಅರಳಬೇಕು, ಸಣ್ಣಗಾದಲ್ಲಿ ಬಳ್ಳಿ ತೆಳುವಾಗಬೇಕು, ಅಂಚಿಗೆ ಬಂದಾಗ ಕಪ್ಪಿಗೆ ಉಸಿರಾಡಲು ಜಾಗ ಬಿಡಬೇಕು. ಆಕಾರವೇ ವಿನ್ಯಾಸವನ್ನು ಆಳುತ್ತದೆ.

ನನ್ನ ತಕರಾರು ಇರುವುದು ಇಂದಿನ ಕೆಲಸದ ಬಗ್ಗೆ. ಈ ಸೀಮೆಯಲ್ಲಿ ಮಾಣಿಕನಗರದ ಸಂತ ಮಾಣಿಕಪ್ರಭುಗಳು ಇದ್ದ ಕಾಲಕ್ಕೇ, 1851ರಲ್ಲಿ, ಬಿದ್ರಿ ಲಂಡನ್ನಿನ ಮಹಾಪ್ರದರ್ಶನದ ಮೇಜು ಹತ್ತಿತ್ತು. ನೋಡಲಿಕ್ಕಷ್ಟೇ ಮಾಡುವ ರೂಢಿ ಆಮೇಲೆ ಬಲಿಯಿತು. ಜಪಾನಿನಲ್ಲಿ 1876ರಲ್ಲಿ ಕತ್ತಿ ಧರಿಸುವುದನ್ನು ನಿಷೇಧಿಸಿದಾಗ ಸಾಜಿನ ಕುಶಲಕರ್ಮಿಗಳೂ ಹೂದಾನಿಗೆ ಇಳಿದರು. ಕತ್ತಿಸಾಜಿನಲ್ಲಿ ಪಳಗಿದ ಕಾನೊ ನಾತ್ಸುಒ ಹೊಸ ಸರ್ಕಾರದ ನಾಣ್ಯಗಳ ಅಚ್ಚು ಕೆತ್ತಿದ. ಅವನ ಕಲೆ ಮತ್ತೆ ಕೈಯಿಂದ ಕೈಗೆ ಹೋಗುವ ವಸ್ತುವಿಗೇ ಸೇರಿತು.

ನಮ್ಮಲ್ಲಿ ಕೈ ಸೋತಿಲ್ಲ. ಬೀದರಿನ ಶಾ ರಶೀದ್ ಅಹ್ಮದ್ ಖಾದ್ರಿಯವರಿಗೆ 2023ರಲ್ಲಿ ಪದ್ಮಶ್ರೀ ಬಂದದ್ದು ಆ ಕೈಗೆ ಸಂದ ಮರ್ಯಾದೆ. ಸೊರಗಿದ್ದು ಬೇಡಿಕೆ. ಸಮತಟ್ಟು ಫಲಕಕ್ಕೆ ಅದೇ ಹೂವು, ಅದೇ ಅಂಚು ಸಾಕು ಎಂದು ಕೊಳ್ಳುವವರೇ ಹೇಳಿದರೆ ಕುಶಲಕರ್ಮಿ ಕಷ್ಟದ ತಿರುವನ್ನು ಏಕೆ ಕೆತ್ತಿಯಾನು? ಊರುಗೋಲಿನ ತಲೆ, ಬಾಗಿಲ ಹಿಡಿ, ಕಾಗದ ಕತ್ತರಿಸುವ ಚಾಕುವಿನ ಹಿಡಿಕೆ ಮಾಡಿಕೊಡಿ ಎಂದು ಕೇಳೋಣ. ಪ್ರಶಸ್ತಿಫಲಕಕ್ಕೆ ಸುರಿಯುವ ಹಣದಲ್ಲಿ ಒಂದು ಪಾಲು ಅಲ್ಲಿಗೆ ಹೋಗಲಿ.