ಇಬ್ಬರ ಕಾದಂಬರಿ

ನಾಗಪುರದ ಮರಾಠಿ ಗೆಳೆಯರು ‘ಕಾದಂಬರಿ’ ಅಂದರೆ ನಮಗೂ ಅದು ಕಾದಂಬರಿಯೇ. ಹಿಂದಿಯವರು ಮಾತ್ರ ‘ಉಪನ್ಯಾಸ್’ ಅಂದು, ಇನ್ನೊಂದು ಭಾಷಣ ಕೇಳಬೇಕೇನೋ ಎಂದು ನಮ್ಮನ್ನು ಹೆದರಿಸುತ್ತಾರೆ. ಆ ಪದ ಹುಟ್ಟಿದ ಸಂಸ್ಕೃತ ‘ಕಾದಂಬರಿ’ಗೆ ಇಬ್ಬರು ಕರ್ತೃಗಳು. ಬಾಣ ಮುಗಿಸದೆ ತೀರಿಕೊಂಡ. ಮಗ ಭೂಷಣಭಟ್ಟ ಮುಗಿಸಿದ. ನಮ್ಮ ನಾಗವರ್ಮ ಎರಡೂ ಭಾಗಗಳನ್ನು ಕನ್ನಡಕ್ಕೆ ತಂದ.

ಆದರೆ ತೀರಿಕೊಂಡವರು ವಾದಕ್ಕಿಳಿಯುವುದಿಲ್ಲ. ಬದುಕಿರುವ ಇಬ್ಬರು ಕೂಡಿ ಬರೆದರೆ? ಹಿಂದಿಯ ‘ಏಕ್ ಇಂಚ್ ಮುಸ್ಕಾನ್’ ಓದಬೇಕು. ರಾಜೇಂದ್ರ ಯಾದವ್, ಮನ್ನೂ ಭಂಡಾರಿ ದಂಪತಿ ಸರದಿಯಂತೆ ಅಧ್ಯಾಯ ಬರೆದರು. ಸಾಹಿತಿ ಅಮರ್ ಗಂಡನ ಪಾಲು. ರಂಜನಾ, ಅಮಲಾ ಹೆಂಡತಿಯ ಪಾಲು. ಬರವಣಿಗೆ ಮುಖ್ಯವೋ ಸಂಸಾರವೋ ಎಂಬ ಅಮರ್‌ನ ತೊಳಲಾಟಕ್ಕೆ ಹೆಣ್ಣಿನ ಕಡೆಯ ಮಾತು ಬೇರೆ ಕೈಯಿಂದಲೇ ಬರುತ್ತದೆ. ಎರಡು ಶೈಲಿಗಳ ಹೊಲಿಗೆ ಕಾಣಿಸುತ್ತದೆ, ನಿಜ. ನನಗದು ದೋಷವಲ್ಲ, ಕೃತಿಯ ಬಲ. ಒಬ್ಬರೇ ಬರೆದಾಗ ಎದುರಾಳಿಯೂ ಎಷ್ಟೋ ಸಲ ಲೇಖಕರ ಮಾತನ್ನೇ ಆಡುತ್ತಾರೆ.

ಬೆಂಗಳೂರಿನ ಗೆಳತಿಯೊಬ್ಬಳ ಜೊತೆ ನಾನೂ ಒಂದು ಕಾದಂಬರಿಗೆ ಕೈಹಾಕಿದ್ದೇನೆ. ನಮ್ಮ ಕರಾರು ಒಂದೇ: ಒಬ್ಬರ ಪಾತ್ರವನ್ನು ಇನ್ನೊಬ್ಬರು ತಿದ್ದುವಂತಿಲ್ಲ, ಮುಂದಿನ ಅಧ್ಯಾಯದಲ್ಲಿ ಉತ್ತರ ಕೊಡಬಹುದು.