ಅನುಮತಿ ಪಡೆದ ಗೋಡೆಗಳು

ಭಾರತದ ಬೀದಿಕಲೆಗೆ ರಾಜಧಾನಿ ಎಂಬುದೊಂದಿದ್ದರೆ ಅದು ದೆಹಲಿಯ ಲೋಧಿ ಕಾಲೊನಿ. ಬ್ರಿಟಿಷರು ದೇಶ ಬಿಡುವ ಮುನ್ನ ಸರ್ಕಾರಿ ನೌಕರರಿಗೆಂದು ಕಟ್ಟಿಸಿದ ಕೊನೆಯ ಬಡಾವಣೆಯಿದು. ಅಗಲವಾದ ರಸ್ತೆ, ಎರಡೂ ಕಡೆ ಎತ್ತರದ ಖಾಲಿ ಗೋಡೆ, ಗೋಡೆಯ ನಡುವೆ ಒಳಗಿನ ಮನೆಗಳತ್ತ ಕರೆದೊಯ್ಯುವ ಕಮಾನು. ಖನ್ನಾ ಮಾರ್ಕೆಟ್ ಮತ್ತು ಮೆಹರ್‌ಚಂದ್ ಮಾರ್ಕೆಟ್ ನಡುವಿನ ಈ ಗೋಡೆಗಳ ಮೇಲೆ ಇಂದು 50ಕ್ಕೂ ಹೆಚ್ಚು ದೊಡ್ಡ ಚಿತ್ರಗಳಿವೆ. ಟಿಕೆಟಿಲ್ಲ, ಬಾಗಿಲಿಲ್ಲ, ಯಾರು ಬೇಕಾದರೂ ಯಾವಾಗ ಬೇಕಾದರೂ ನಡೆದು ನೋಡಬಹುದು. ಇದನ್ನು ಕಟ್ಟಿದ್ದು 2014ರಲ್ಲಿ ಶುರುವಾದ ಸ್ಟಾರ್ಟ್ ಇಂಡಿಯಾ ಪ್ರತಿಷ್ಠಾನ.

ಹತ್ತು ವರ್ಷಗಳಲ್ಲಿ ಈ ಪ್ರತಿಷ್ಠಾನ ಒಂದು ಸಂಸ್ಥೆಯಷ್ಟೇ ಆಗಿ ಉಳಿದಿಲ್ಲ, ಒಂದು ಪಂಥವೇ ಆಗಿದೆ. ಮುಂಬೈನ ಮಾಹಿಮ್, ಚೆನ್ನೈನ ಕಣ್ಣಗಿ ನಗರ, ಕೊಯಮತ್ತೂರಿನ ಉಕ್ಕಡಂ, ಹೈದರಾಬಾದಿನ ಮಕ್ತಾ, ಎಲ್ಲ ಕಡೆಯೂ ಅದರದೇ ಮಾದರಿ. ಸರ್ಕಾರಿ ಇಲಾಖೆ ಗೋಡೆ ಕೊಡುತ್ತದೆ, ಬಣ್ಣದ ಕಂಪನಿ ಬಣ್ಣ ಕೊಡುತ್ತದೆ, ದೇಶವಿದೇಶದ ಕಲಾವಿದರು ಬಂದು ಬರೆಯುತ್ತಾರೆ. ಆದ್ದರಿಂದ ಈ ಪಂಥವನ್ನು ಬಿಡಿ ಚಿತ್ರಗಳಿಂದ ಅಳೆದರೆ ಸಾಲದು. ಅನುಮತಿಯೆಂಬುದು ಚಿತ್ರವನ್ನು ಹೇಗೆ ತಿದ್ದುತ್ತದೆ ಎಂದು ಕೇಳಬೇಕು.

ಮೊದಲು ಸಲ್ಲಬೇಕಾದದ್ದನ್ನು ಸಲ್ಲಿಸೋಣ. ಅನುಮತಿ ಇಲ್ಲದಿದ್ದರೆ ಇಷ್ಟು ದೊಡ್ಡ ಚಿತ್ರಗಳು ಸಾಧ್ಯವೇ ಇರಲಿಲ್ಲ. 2014ರ ಆರಂಭದಲ್ಲಿ ದೆಹಲಿಯ ಐಟಿಒ ಬಳಿ ಅಂದಿನ ಪೊಲೀಸ್ ಕೇಂದ್ರ ಕಚೇರಿಯ ಮೇಲೆ ಸುಮಾರು 150 ಅಡಿ ಎತ್ತರದ ಗಾಂಧಿ ಮೂಡಿದರು. ಬರೆದವರು ಜರ್ಮನಿಯ ಹೆಂಡ್ರಿಕ್ ಬೈಕಿರ್ಶ್ ಮತ್ತು ಬೆಂಗಳೂರಿನ ಅನ್ಪು ವರ್ಕಿ. ಕ್ರೇನಿನ ತೊಟ್ಟಿಲಲ್ಲಿ ನಿಂತು ಹಗಲೆಲ್ಲ ಬಣ್ಣ ಬಳಿಯಬೇಕಾದ ಇಂಥ ಕೆಲಸವನ್ನು ಕದ್ದು ಮಾಡಲಾಗದು. ಅದೂ ಗೋಡೆ ಬರೆಯುವವರನ್ನು ಹಿಡಿಯಬೇಕಾದ ಇಲಾಖೆಯದೇ ಗೋಡೆ!

ಆದರೆ ಗಾಂಧಿ ಯಾರಿಗೂ ಮುಜುಗರ ತರದ ಆಯ್ಕೆ. ಮುಂಬೈನ ಚರ್ಚ್‌ಗೇಟ್ ನಿಲ್ದಾಣದ ಗೋಡೆಯ ಮೇಲೆ ಬ್ರೆಜಿಲ್‌ನ ಎಡುವಾರ್ಡೊ ಕೋಬ್ರಾ ಬರೆದದ್ದೂ ಗಾಂಧಿಯನ್ನೇ. ಗಾಂಧಿ, ಹಕ್ಕಿ, ಹೂವು, ನಗುವ ಮಗು, ಜ್ಯಾಮಿತಿಯ ವಿನ್ಯಾಸ: ಒಪ್ಪಿಗೆಯ ಸಹಿ ಬೇಗ ಬೀಳುವ ವಸ್ತುಗಳು ಇವು. ಲೋಧಿಯಲ್ಲಿ ಮೆಕ್ಸಿಕೊದ ಸೆಂಕೋ ಬರೆದ ಹಕ್ಕಿಗಳು ನಿಜಕ್ಕೂ ಚೆಲುವಾಗಿವೆ. ಆದರೆ ಅವನ್ನು ಎತ್ತಿ ಬೇರೊಂದು ದೇಶದ ಗೋಡೆಯ ಮೇಲಿಟ್ಟರೂ ಅಷ್ಟೇ ಚೆಲುವಾಗಿರುತ್ತವೆ. ಎಲ್ಲಿಗಾದರೂ ಹೊಂದುವ ಚಿತ್ರ ಆ ಬೀದಿಗೆ ಋಣಿಯಾಗಿರಬೇಕಿಲ್ಲ. ಇಡೀ ಪಂಥದ ದೊಡ್ಡ ದೌರ್ಬಲ್ಯ ಇದು: ಬಹುಪಾಲು ಕೃತಿಗಳಿಗೆ ಗೋಡೆ ಬರೀ ದೊಡ್ಡ ಕ್ಯಾನ್ವಾಸ್.

ಇದಕ್ಕೆ ಉತ್ತರವೂ ಲೋಧಿಯಲ್ಲೇ ಇದೆ. 'ಡಾಕು' ಎಂಬ ಹೆಸರಿನ ಕಲಾವಿದ 2016ರಲ್ಲಿ ಅಲ್ಲಿನ ಗೋಡೆಯೊಂದಕ್ಕೆ ಬಣ್ಣ ಬಳಿಯಲಿಲ್ಲ. ಗೋಡೆಯಿಂದ ಹೊರಚಾಚುವಂತೆ ಅಕ್ಷರಗಳನ್ನು ನೆಟ್ಟ. ಬಿಸಿಲು ಬಿದ್ದಾಗ ಅವುಗಳ ನೆರಳು ಗೋಡೆಯ ಮೇಲೆ ಪದಗಳಾಗುತ್ತದೆ. ಹೊತ್ತು ಏರಿದಂತೆ ಪದಗಳು ಉದ್ದವಾಗಿ, ಓರೆಯಾಗಿ, ಕೊನೆಗೆ ಮಾಯವಾಗುತ್ತವೆ. ಕಾಲ ಎಲ್ಲವನ್ನೂ ಬದಲಿಸುತ್ತದೆ ಎಂಬುದು ಕೃತಿಯ ಹೆಸರೂ ಹೌದು, ಕೆಲಸವೂ ಹೌದು. ಆ ಗೋಡೆಯ ದಿಕ್ಕು, ದೆಹಲಿಯ ಬಿಸಿಲು ಎರಡೂ ಇಲ್ಲದೆ ಇದು ಇಲ್ಲ. ಇಡೀ ಬಡಾವಣೆಯಲ್ಲಿ ಇದಕ್ಕೆ ಸಾಟಿಯಾದ ಕೃತಿ ಇನ್ನೊಂದಿಲ್ಲ ಎಂಬುದು ನನ್ನ ಅಭಿಪ್ರಾಯ.

ಇದೇ ಡಾಕು ಅದಕ್ಕೂ ಮೊದಲು ದೆಹಲಿಯ ರಸ್ತೆಗಳ 'ಸ್ಟಾಪ್' ಫಲಕಗಳ ಕೆಳಗೆ ಯಾರನ್ನೂ ಕೇಳದೆ ಒಂದೊಂದು ಪದ ಅಂಟಿಸಿ, ಏನನ್ನೆಲ್ಲ ನಿಲ್ಲಿಸಬೇಕೆಂದು ಊರಿಗೆ ಹೇಳಿದ್ದ. ಅಲ್ಲಿ ಜಗಳವಿತ್ತು, ಲೋಧಿಯಲ್ಲಿ ಧ್ಯಾನವಿದೆ. ಕಲೆಯಾಗಿ ಎರಡನೆಯದು ಮೇಲು. ಆದರೆ ಬೀದಿಯ ಮಾತಾಗಿ ಮೊದಲನೆಯದರ ಹರಿತ ಅದಕ್ಕಿಲ್ಲ.

ಜಗಳದ ಬೆಲೆಯೇನೆಂದು ಅದೇ 2016ರಲ್ಲಿ ದೆಹಲಿಯ ಶಾಹ್‌ದರಾದಲ್ಲಿ ಗೊತ್ತಾಯಿತು. ಸರ್ಕಾರದ ಬೆಂಬಲವೇ ಇದ್ದ ಬೇರೊಂದು ಯೋಜನೆಯಡಿ ಇಬ್ಬರು ಕಲಾವಿದರು ಗೋಡೆಯ ಮೇಲೆ ಉರ್ದು ದ್ವಿಪದಿಯೊಂದನ್ನು ಬರೆಯುತ್ತಿದ್ದಾಗ ಗುಂಪೊಂದು ಬಂದು ತಡೆಯಿತು. ಅನುಮತಿಪತ್ರ ಅವರನ್ನು ಕಾಯಲಿಲ್ಲ. ಹಕ್ಕಿ ಬರೆದಿದ್ದರೆ ಯಾರೂ ಬರುತ್ತಿರಲಿಲ್ಲ. ಅಧಿಕಾರಿಯ ಸಹಿಗಿಂತ ಬೀದಿಯ ಈ ಹೆದರಿಕೆಯೇ ಚಿತ್ರಗಳ ವಸ್ತುವನ್ನು ಹೆಚ್ಚು ಆಯ್ದಿದೆ. ಈ ಹೆದರಿಕೆಯ ನಡುವೆಯೂ ಬೆಂಗಳೂರಿನ ಅರಾವಣಿ ಆರ್ಟ್ ಪ್ರಾಜೆಕ್ಟ್‌ನವರು ಲೋಧಿಯಲ್ಲಿ ಬರೆದ, ಲಿಂಗತ್ವ ಅಲ್ಪಸಂಖ್ಯಾತರ ಬದುಕಿಗೂ ಬೆಲೆಯಿದೆ ಎಂದು ಸಾರುವ ಗೋಡೆ ಎದ್ದು ಕಾಣುತ್ತದೆ. ಅಲ್ಲಿ ಕುಂಚ ಹಿಡಿದವರಲ್ಲಿ ಆ ಸಮುದಾಯದವರೇ ಇದ್ದಾರೆ. ನಗರ ಮುಖ ತಿರುಗಿಸುವ ಮುಖಗಳನ್ನು ಅವರು ನಗರದ ಎದುರಿಗೇ ತಂದು ನಿಲ್ಲಿಸಿದ್ದಾರೆ.

ಕಣ್ಣಗಿ ನಗರದಲ್ಲಿ ಪ್ರಶ್ನೆ ಇನ್ನೂ ತೊಡಕಿನದು. ಚೆನ್ನೈನ ಕೊಳೆಗೇರಿಗಳಿಂದ ಎಬ್ಬಿಸಿದ ಕುಟುಂಬಗಳನ್ನು ಊರ ಹೊರಗೆ ತಂದು ಹಾಕಿದ ಜಾಗ ಅದು. ಗೋಡೆಗಳಿಗೆ ಬಣ್ಣ ಬಂದ ಮೇಲೆ ಆ ಹೆಸರಿಗೆ ಅಂಟಿದ್ದ ಕಳಂಕ ಕೊಂಚ ತೊಳೆದುಹೋಗಿರಬಹುದು. ಅದು ಸಣ್ಣ ಮಾತಲ್ಲ. ಆದರೆ ಆ ಜನ ಅಲ್ಲಿಗೆ ಬಂದದ್ದು ಹೇಗೆ ಎಂಬ ಕತೆ ಗೋಡೆಯ ಮೇಲೆ ಬರದಿದ್ದರೆ, ಆ ಬಣ್ಣ ಕತೆಯ ಮೇಲೆಯೇ ಬಳಿದದ್ದಾಗುತ್ತದೆ.

ಇನ್ನು ಒಡೆತನದ ಮಾತು. ಮುಂಬೈನ ತನ್ನ ಭಿತ್ತಿಚಿತ್ರವೊಂದನ್ನು ವಿಮಾ ಕಂಪನಿ ಜಾಹೀರಾತಿಗೆ ಬಳಸಿತೆಂದು ಪ್ರತಿಷ್ಠಾನ ದೆಹಲಿ ಹೈಕೋರ್ಟಿಗೆ ಹೋಯಿತು. 2023ರಲ್ಲಿ ನ್ಯಾಯಾಲಯ ಮೇಲ್ನೋಟಕ್ಕೆ ಅದರ ಮಾತನ್ನು ಒಪ್ಪಿತು. ಕಾನೂನಿನ ಪ್ರಕಾರ ಇದು ಸರಿಯೇ. ವಿಜ್ಞಾನ ಭವನದಿಂದ ಕಿತ್ತು ಹಾಕಿದ ಕಂಚಿನ ಭಿತ್ತಿಶಿಲ್ಪಕ್ಕಾಗಿ ಅಮರನಾಥ ಸೆಹಗಲ್ ಹೋರಾಡಿ 2005ರಲ್ಲಿ ಇದೇ ನ್ಯಾಯಾಲಯದಲ್ಲಿ ಗೆದ್ದ ಮೇಲೆ, ಸಾರ್ವಜನಿಕ ಕೃತಿಯಲ್ಲೂ ಕಲಾವಿದನ ಹಕ್ಕು ಉಳಿಯುತ್ತದೆಂಬುದು ಗಟ್ಟಿಯಾಗಿದೆ. ಆದರೂ ಯಾರ ಗೋಡೆಯೆಂದು ಕೇಳದೆ ಹುಟ್ಟಿದ ಕಲೆ ಯಾರ ಚಿತ್ರವೆಂದು ಕೇಳುವಲ್ಲಿಗೆ ಬಂದು ನಿಂತಿದೆ. ಬಂಡಾಯವೊಂದು ವೃತ್ತಿಯಾದ ಲಕ್ಷಣ ಇದು.

ಈ ವೃತ್ತಿ ನಮ್ಮ ನಗರಗಳಿಗೆ ಹೊಸದೂ ಅಲ್ಲ. 2009ರ ಸುಮಾರಿಗೆ ಬೆಂಗಳೂರು ಮಹಾನಗರ ಪಾಲಿಕೆ ಸಿನಿಮಾ ಬ್ಯಾನರ್ ಬರೆಯುತ್ತಿದ್ದವರನ್ನು ಕರೆದು ನಗರದ ಗೋಡೆಗಳ ಮೇಲೆ ಹಂಪಿ, ಜೋಗ, ಯಕ್ಷಗಾನ ಬರೆಸಿತು. ಪೋಸ್ಟರ್ ಮತ್ತು ಮೂತ್ರ, ಎರಡನ್ನೂ ತಡೆಯುವುದು ಉದ್ದೇಶ. ಕಲಾವಲಯ ಅದನ್ನು ಕ್ಯಾಲೆಂಡರ್ ಚಿತ್ರವೆಂದು ನಕ್ಕಿತು. ಫ್ಲೆಕ್ಸ್ ಬಂದು ಅನ್ನ ಕಳೆದುಕೊಂಡ ಆ ಕೈಗಳಿಗೆ ಎಷ್ಟು ನುರಿತ ಅಳತೆ ಗೊತ್ತಿತ್ತೆಂದು ಯಾರೂ ಕೇಳಲಿಲ್ಲ. ಕೇಳಿದವರು ಸ್ಟಾರ್ಟ್ ಸ್ಥಾಪಕರಲ್ಲೊಬ್ಬರಾದ, 2024ರಲ್ಲಿ ತೀರಿಕೊಂಡ ಹನೀಫ್ ಕುರೇಶಿ. ಊರೂರಿನ ಬೋರ್ಡು ಬರೆಯುವ ಪೇಂಟರುಗಳ ಅಕ್ಷರಗಳನ್ನು ಅವರು ಕಂಪ್ಯೂಟರ್ ಫಾಂಟುಗಳಾಗಿ ಉಳಿಸಿದರು. ಪಂಥದ ನಿಜವಾದ ಬೇರು ಅಲ್ಲಿದೆ, ಆದರೆ ಅದರ ಕೊಂಬೆಗಳು ಬರ್ಲಿನ್ ಮಯಾಮಿಗಳತ್ತಲೇ ಹೆಚ್ಚು ಬಾಗಿವೆ.

ಗೋಡೆಯಿಂದ ಇಳಿದು ರಸ್ತೆಗೆ ಬಂದರೆ ಬಾದಲ್ ನಂಜುಂಡಸ್ವಾಮಿ ಸಿಗುತ್ತಾರೆ. ಮೈಸೂರಿನಲ್ಲಿ ಕಲೆ ಕಲಿತ ಅವರು 2015ರಲ್ಲಿ ಬೆಂಗಳೂರಿನ ಸುಲ್ತಾನ್‌ಪಾಳ್ಯದ ರಸ್ತೆಗುಂಡಿಯಲ್ಲಿ ಮೊಸಳೆಯ ಬೊಂಬೆ ಇಟ್ಟರು. 2019ರಲ್ಲಿ ಹಳ್ಳ ಬಿದ್ದ ರಸ್ತೆಯ ಮೇಲೆ ಗಗನಯಾತ್ರಿಯನ್ನು ನಡೆಸಿ ಚಂದ್ರಲೋಕದ ವಿಡಿಯೊ ಮಾಡಿದರು. ಪಾಲಿಕೆ ದುರಸ್ತಿಗೆ ಓಡಿಬಂತು. ಈ ಕೃತಿಗಳ ಆಯಸ್ಸು ಒಂದೆರಡು ದಿನ. ಗುಂಡಿ ಮುಚ್ಚಿದ ಕ್ಷಣಕ್ಕೆ ಕೃತಿಯೂ ಮುಗಿಯಿತು, ಗೆದ್ದಿತು ಕೂಡ.

ಲೋಧಿಯ ಮಾದರಿಯನ್ನು ತಮ್ಮಲ್ಲಿಗೆ ತರಬಯಸುವ ನಗರಗಳು ಮೂರು ಮಾತು ನೆನಪಿಡಲಿ. ಮೊದಲ ಗೋಡೆ ಆ ಊರಿನ ಬೋರ್ಡು ಬರೆಯುವವರಿಗೆ ಸಿಗಲಿ, ಕೂಲಿಯ ಲೆಕ್ಕದಲ್ಲಲ್ಲ, ಕಲಾವಿದರ ಸಂಭಾವನೆಯಲ್ಲಿ. ಏನು ಬರೆಯಬೇಕೆಂಬ ಮಾತುಕತೆಯಲ್ಲಿ ಆ ಗೋಡೆಯ ಹಿಂದೆ ಬದುಕುವವರೂ ಕೂರಲಿ. ಒಂದು ಗೋಡೆಯನ್ನಾದರೂ ಯಾರ ಒಪ್ಪಿಗೆಯೂ ಬೇಡದಂತೆ ಬಿಟ್ಟುಕೊಡಲಿ. ಅಲ್ಲಿ ಕೆಟ್ಟ ಚಿತ್ರ ಬರಬಹುದು, ಬೈಗುಳ ಬರಬಹುದು, ಮರುದಿನ ಅದರ ಮೇಲೆ ಇನ್ನೊಬ್ಬರು ಬರೆಯಬಹುದು. ಸುಂದರ ಗೋಡೆಗಳನ್ನು ಕೊಡುವುದು ಈ ಪಂಥಕ್ಕೆ ಕರಗತವಾಗಿದೆ. ಸಹಿಸಲು ಕಷ್ಟವಾದ ಗೋಡೆಯೊಂದನ್ನು ಉಳಿಸಿಕೊಳ್ಳಲು ಅದಕ್ಕೆ ಸಾಧ್ಯವೇ ಎಂಬುದರಲ್ಲಿ ಅದರ ಮುಂದಿನ ಪರೀಕ್ಷೆ ಇದೆ.