ಬಿಸಿಗೆ ಏಳುವ ಹಾರ್ಡ್‌ನರ್

ಚಿತ್ರದುರ್ಗದ ಸೀಮೆಯ ಭೀಮಸಮುದ್ರದ ಕಡೆ ಅಡಿಕೆ ತೋಟದ ಪೈಪು ಸೋರಿದರೆ ಕೈಗೆ ಬರುವುದು ಎಂ-ಸೀಲ್. ಎರಡು ಬಣ್ಣದ ಮುದ್ದೆಗಳನ್ನು ಒಂದೇ ಬಣ್ಣ ಬರುವವರೆಗೆ ನಾದಿ ಬಿರುಕಿಗೆ ಮೆತ್ತಿದರೆ ಮುಗಿಯಿತು. ಒಲೆ ಬೇಡ, ಕರೆಂಟು ಬೇಡ. ರಾಳ ಒಂದು ಕಡೆ, ಅದನ್ನು ಗಟ್ಟಿಮಾಡುವ ಹಾರ್ಡ್‌ನರ್ ಇನ್ನೊಂದು ಕಡೆ, ಬೆರೆಸಿದ ಗಳಿಗೆಯಿಂದಲೇ ಹೊತ್ತು ಮೀರತೊಡಗುತ್ತದೆ. ತೋಟದಲ್ಲಿ ಈ ಅವಸರ ಯಾರನ್ನೂ ಕಾಡುವುದಿಲ್ಲ. ಕಾರ್ಖಾನೆಗೆ ಅದೇ ದೊಡ್ಡ ತೊಡಕು. ಹಾಗಾಗಿಯೇ ಸುಪ್ತ ಹಾರ್ಡ್‌ನರ್ ಹುಟ್ಟಿಕೊಂಡಿತು: ಮೊದಲೇ ರಾಳದಲ್ಲಿ ಬೆರೆತು, ತಿಂಗಳುಗಟ್ಟಲೆ ಸುಮ್ಮನಿದ್ದು, ಬಿಸಿ ತಾಗಿದ ಮೇಲಷ್ಟೇ ಕೆಲಸ ಶುರುಮಾಡುವ ರಾಸಾಯನಿಕ. ಅದರ ಬಗ್ಗೆ ಕೇಳಿಬರುವ ಹೊಗಳಿಕೆಯಲ್ಲಿ ಅರ್ಧವನ್ನು ಮಾತ್ರ ನಾನು ಒಪ್ಪುತ್ತೇನೆ.

ಈ ಬಳಗದ ಹಿರಿಯ ಡೈಸಯಾನ್‌ಡೈಅಮೈಡ್. ಕಸುಬುದಾರರ ಬಾಯಲ್ಲಿ ಬರೀ ‘ಡೈಸಿ’. ಬಿಳಿ ಪುಡಿ, ಕರಗುವುದು ಸುಮಾರು 209 ಡಿಗ್ರಿಯಲ್ಲಿ. ತಣ್ಣಗಿನ ರಾಳದಲ್ಲಿ ಅದು ಕರಗುವುದೇ ಇಲ್ಲ. ಕರಗದಿರುವುದೇ ಅದರ ಸುಪ್ತತೆಯ ಗುಟ್ಟು. ರಾಳವನ್ನು ಗಟ್ಟಿಮಾಡಲು ಒಂಟಿಯಾಗಿ ಅದಕ್ಕೆ 160–180 ಡಿಗ್ರಿ ಬೇಕು. ಯೂರಿಯಾ ಜಾತಿಯ ವೇಗವರ್ಧಕ ಸೇರಿಸಿದರೆ 120ರ ಆಸುಪಾಸಿಗೆ ಇಳಿಯುತ್ತದೆ. ಆ ವೇಗವರ್ಧಕಗಳಲ್ಲಿ ಡೈಯೂರಾನ್ ಕೂಡ ಒಂದು. ಹೌದು, ಕಬ್ಬಿನ ಗದ್ದೆಗೆ ಹೊಡೆಯುವ ಅದೇ ಕಳೆನಾಶಕ. ಡೈಸಿಗೂ ಬೇಸಾಯದ ನಂಟಿದೆ: ಗೊಬ್ಬರದ ಸಾರಜನಕ ಬೇಗ ಪೋಲಾಗದಂತೆ ತಡೆಯಲು ಅದನ್ನು ಮಣ್ಣಿಗೂ ಹಾಕುತ್ತಾರೆ.

ಇದರ ಗುಣಗಳು ನಿಜವಾದವು. ಅಳತೆ ತಪ್ಪುವ ಭಯವಿಲ್ಲ. ದ್ರವರೂಪದ ಅಮೈನ್ ಹಾರ್ಡ್‌ನರ್‌ನಿಂದ ಕೈ ತುರಿಸಿ ಬೊಬ್ಬೆ ಏಳುವ ಕಾಟ ಕೆಲಸಗಾರನಿಗೆ ತಪ್ಪುತ್ತದೆ (ರಾಳದಿಂದಲೇ ಬರುವ ಅಲರ್ಜಿ ಮಾತ್ರ ಉಳಿದೇ ಇರುತ್ತದೆ). ಕಾರಿನ ಬಾಡಿಯ ಅಂಟು, ಕಬ್ಬಿಣಕ್ಕೆ ಹಿಡಿಸುವ ಎಪಾಕ್ಸಿ ಪೌಡರ್, ಎಲೆಕ್ಟ್ರಾನಿಕ್ಸ್‌ನ ಹಸಿರು ಎಫ್‌ಆರ್-4 ಹಲಗೆ, ಎಲ್ಲಕ್ಕೂ ಡೈಸಿ ದುಡಿದಿದೆ. ಆದರೆ ಆ ಹಲಗೆಯಲ್ಲೇ ಅದು ಸೋತದ್ದೂ ಉಂಟು. 2006ರ ಜುಲೈ 1ರಿಂದ ಯುರೋಪು ಸೀಸದ ಬೆಸುಗೆಯನ್ನು ನಿರ್ಬಂಧಿಸಿತು. ಸೀಸವಿಲ್ಲದ ಬೆಸುಗೆಗೆ ಹೆಚ್ಚು ಬಿಸಿ ಬೇಕಾದಾಗ, ತೇವ ಹೀರುವ ಡೈಸಿ ಹಲಗೆಗಳ ಪದರ ಬಿಡತೊಡಗಿತು. ಹಲವು ತಯಾರಕರು ಫಿನಾಲಿಕ್ ಹಾರ್ಡ್‌ನರ್‌ಗೆ ಹೊರಳಿದರು.

ನಮ್ಮ ನಾಡಿನಲ್ಲಿ ಈ ವಿದ್ಯೆಯ ದೊಡ್ಡ ಪ್ರದರ್ಶನ ಬೆಂಗಳೂರಿನ ವಿಮಾನಗಳದ್ದು. 2001ರ ಜನವರಿ 4ರಂದು ಮೊದಲು ಹಾರಿದ ತೇಜಸ್‌ನ ಒಡಲಿನ ತೂಕದಲ್ಲಿ ಶೇಕಡಾ ಸುಮಾರು 45 ಸಂಯುಕ್ತ ವಸ್ತು, ಮುಖ್ಯವಾಗಿ ಇಂಗಾಲದ ನಾರು ಮತ್ತು ಎಪಾಕ್ಸಿ. ರಾಳ, ಹಾರ್ಡ್‌ನರ್ ಎರಡನ್ನೂ ಮೊದಲೇ ಕುಡಿದ ಬಟ್ಟೆ, ಅಂದರೆ ಪ್ರಿಪ್ರೆಗ್, ಪದರ ಪದರವಾಗಿ ಕೂತು ಆಟೋಕ್ಲೇವ್‌ನ ಬಿಸಿ ಮತ್ತು ಒತ್ತಡದಲ್ಲಿ ಬೇಯುತ್ತದೆ. ಅಲ್ಲಿಯವರೆಗೆ ಅದನ್ನು ಸೊನ್ನೆಗಿಂತ 18 ಡಿಗ್ರಿ ಕೆಳಗಿನ ಫ್ರೀಜರ್‌ನಲ್ಲಿಡಬೇಕು, ಹೊರಗೆ ಕಳೆದ ಪ್ರತಿ ಗಂಟೆಯನ್ನೂ ಬರೆದಿಡಬೇಕು. ಸುಪ್ತ ಎನ್ನುವುದು ತಂಪಿರುವವರೆಗಿನ ಮಾತು. ಆಟೋಕ್ಲೇವ್ ವಿದ್ಯೆಯಲ್ಲಿ ಪಳಗಿದ್ದ ವೈಮಾನಿಕ ಸಂಶೋಧನಾ ಸಂಸ್ಥೆ ಎನ್‌ಎಎಲ್, ಸಾರಸ್ ವಿಮಾನದ ರೆಕ್ಕೆಗೆ ನಿರ್ವಾತದಲ್ಲಿ ರಾಳ ಹರಿಸುವ ‘ವೆರಿಟಿ’ ವಿಧಾನವನ್ನು ತಾನೇ ರೂಪಿಸಿಕೊಂಡಿತು. ಖರ್ಚು ತಗ್ಗಿಸುವ ಈ ದಾರಿಯಲ್ಲಿ ಡೈಸಿಯಂಥ ಪುಡಿಗೆ ಕಷ್ಟ: ನಾರಿನ ಹೆಣಿಗೆ ಅದನ್ನು ಸೋಸಿ ಬಾಗಿಲಲ್ಲೇ ನಿಲ್ಲಿಸಿಬಿಡುತ್ತದೆ. ಬಲ್ಲವರೇ ಬಳಸುದಾರಿ ಹುಡುಕಿದ್ದನ್ನು ನಾನು ಈ ಹಾರ್ಡ್‌ನರ್‌ನ ಮೇಲಿನ ಒಳ್ಳೆಯ ವಿಮರ್ಶೆಯೆಂದೇ ಓದುತ್ತೇನೆ.

ದಪ್ಪ ವಸ್ತುಗಳಲ್ಲಿ ಇನ್ನೊಂದು ಅಪಾಯ. ಒಮ್ಮೆ ಎಚ್ಚೆತ್ತ ಹಾರ್ಡ್‌ನರ್ ತಾನೇ ಬಿಸಿ ಹುಟ್ಟಿಸುತ್ತದೆ. ಒಳಗಿನ ಶಾಖ ಹೊರಬರಲಾರದೆ ನಡುಭಾಗ ಸುಟ್ಟುಹೋಗಬಹುದು. ಜೋಗಿಮಟ್ಟಿಯ ಗುಡ್ಡದ ಮೇಲೆ ತಿರುಗುವಂಥ ಗಾಳಿಯಂತ್ರಗಳ ಅಲಗಿನ ಬುಡ ಎಷ್ಟು ದಪ್ಪವೆಂದು ನೋಡಿದವರಿಗೆ ಇದು ಅರ್ಥವಾದೀತು. ಗಾಳಿಯಂತ್ರದ ಕಂಪನಿಗಳಲ್ಲಿ ವೆಸ್ಟಾಸ್ ಪ್ರಿಪ್ರೆಗ್‌ನಿಂದ ಅಲಗು ಮಾಡಿದರೆ, ಸುಜ್ಲಾನ್ ರಾಳ ಹರಿಸುವ ವಿಧಾನವನ್ನು ನಂಬಿತು. ಯಾವ ಬಗೆಯಾದರೂ ಬೆಂದ ಎಪಾಕ್ಸಿ ಮತ್ತೆ ಕರಗದು; ಆಯುಸ್ಸು ಮುಗಿದ ಅಲಗನ್ನು ಏನು ಮಾಡುವುದೆಂಬ ಪ್ರಶ್ನೆಗೆ ಸುಪ್ತತೆ ಯಾವ ಉತ್ತರವನ್ನೂ ಕೊಡುವುದಿಲ್ಲ.

ಇನ್ನು ಚಿಕ್ಕ ವರ್ಕ್‌ಶಾಪಿನ ಮಾತು. ಮೋಟಾರ್ ಸುತ್ತುವವನು ಸುರುಳಿಯನ್ನು ವಾರ್ನಿಶ್‌ನಲ್ಲಿ ಅದ್ದಿ ಒಣಗಿಸಬೇಕು. ಬಿಸಿಯಲ್ಲಿ ಬೇಯುವ ವಾರ್ನಿಶ್ ಗಟ್ಟಿ, ಬಾಳಿಕೆ ಹೆಚ್ಚು. ಆದರೆ ಒಲೆಯಿಲ್ಲದೆ ಬಲ್ಬಿನಡಿ ಅಥವಾ ಬಿಸಿಲಲ್ಲಿ ಇಟ್ಟರೆ ಒಳಗೆ ಹಸಿಯೇ ಉಳಿಯುತ್ತದೆ. ಅತ್ತ ಚಿತ್ರದುರ್ಗದ ಸೀಮೆಯ ಬೇಸಿಗೆಯಲ್ಲಿ ತಗಡಿನ ಮಾಡಿನ ಗೋದಾಮು ಸುಪ್ತ ಅಂಟಿನ ಆಯುಸ್ಸನ್ನು ಡಬ್ಬಿಯಲ್ಲೇ ತಿನ್ನುತ್ತದೆ. 23 ಡಿಗ್ರಿಯ ಲೆಕ್ಕದಲ್ಲಿ ಬರೆದ ಅವಧಿ 40 ಡಿಗ್ರಿಯಲ್ಲಿ ಉಳಿಯುವುದಿಲ್ಲ. ಬೇಯಿಸಲು ಸಾಲದ ಬಿಸಿ, ಕೆಡಿಸಲು ಮಾತ್ರ ಸಾಕು.

ಒಲೆ, ಫ್ರೀಜರ್, ತಪ್ಪದ ಕರೆಂಟು ಇರುವ ಕಾರ್ಖಾನೆಗೆ ಇದು ಉತ್ತಮ ಸಾಧನ. ಹಳ್ಳಿಯ ರಿಪೇರಿಗೆ ಎರಡು ಟ್ಯೂಬಿನ ಅರಾಲ್ಡೈಟೇ ಮೇಲು. ಒಂದೇ ಡಬ್ಬಿಯ ಅಂಟು ಕೊಳ್ಳುವವರು ಮುಚ್ಚಳದ ಮೇಲಿನ ಕೊನೆಯ ದಿನಾಂಕ ನೋಡಿ ಸುಮ್ಮನಾಗಬಾರದು. ಈ ಬೇಸಿಗೆಯಲ್ಲಿ ಅದನ್ನು ಎಲ್ಲಿಟ್ಟಿದ್ದಿರಿ ಎಂದು ಅಂಗಡಿಯವನನ್ನು ಕೇಳಿ.